ಪ್ರೊಜೆಕ್ಷನ್ ಟಿವಿ ಪರದೆಯ ಹಠಮಾರಿ ಚುಕ್ಕೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆ ಹಾಲ್‌ನಲ್ಲಿ ಇವತ್ತಿಗೂ 43 ಇಂಚಿನ ಪ್ರೊಜೆಕ್ಷನ್ ಟಿವಿ ಇದೆ. ಬೀರುವಿನ ಹಾಗೆ ದಪ್ಪ, ಅಷ್ಟೇ ಭಾರ. ಅಪ್ಪ ತಂದದ್ದು 2001ರಲ್ಲಿ. 2003ರ ವಿಶ್ವಕಪ್ ಫೈನಲ್ ದಿನ ಅಕ್ಕಪಕ್ಕದ ನಾಲ್ಕು ಮನೆಯವರು ಇದರ ಮುಂದೆ ಚಾಪೆ ಹಾಸಿಕೊಂಡು ಕೂತಿದ್ದರು. ಮಂಡ್ಯದ ಹತ್ತಿರ ಅಕ್ಕನ ಮನೆಯಲ್ಲೂ ಇಂಥ ದೊಡ್ಡ ಟಿವಿ ಇದೆ. ಅದು ಆಮೇಲೆ ಬಂದ ಡಿಎಲ್‌ಪಿ ಜಾತಿಯದು, ಅಂದರೆ ಸಣ್ಣ ಸಣ್ಣ ಕನ್ನಡಿಗಳಿರುವ ಎಲೆಕ್ಟ್ರಾನಿಕ್ ಚಿಪ್ಪಿನಿಂದ ಚಿತ್ರ ಮೂಡಿಸುವಂಥದ್ದು. ಈ ಎರಡನ್ನೂ ಇಷ್ಟು ವರ್ಷ ಜೋಪಾನ ಮಾಡಿದ್ದೇನೆ. ಹಾಗಾಗಿ ಇಂಥ ಟಿವಿ ಇನ್ನೂ ಇಟ್ಟುಕೊಂಡಿರುವ ಪರಿಚಯದವರು ಪರದೆ ಮೇಲೆ ಚುಕ್ಕೆ ಕಂಡರೆ ನನಗೆ ಫೋನ್ ಮಾಡುತ್ತಾರೆ. ಅವರು ಕೇಳಿದ ಪ್ರಶ್ನೆಗಳು, ನಾನು ಕೊಟ್ಟ ಉತ್ತರಗಳು ಇಲ್ಲಿವೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಚುಕ್ಕೆ ಎಲ್ಲಿದೆ ಅಂತ ಗೊತ್ತಾಗುವ ತನಕ ಬಟ್ಟೆ ಕೈಗೆ ತಗೋಬೇಡಿ. ನಾನು ನೋಡಿದ ಹಾಳಾದ ಪರದೆಗಳಲ್ಲಿ ಹೆಚ್ಚಿನವು ಕೊಳೆಯಿಂದ ಹಾಳಾದವಲ್ಲ, ಉಜ್ಜಿ ಹಾಳಾದವು.

ನಮ್ಮದು ಪ್ರೊಜೆಕ್ಷನ್ ಟಿವಿ ಹೌದೋ ಅಲ್ಲವೋ ಹೇಗೆ ತಿಳಿಯುವುದು?

ಟಿವಿ 40 ಇಂಚಿಗಿಂತ ದೊಡ್ಡದು, ಹಿಂದೆ ದಪ್ಪನೆಯ ಪೆಟ್ಟಿಗೆ ಇದೆ, ಮುಂದಿನ ಪರದೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ಸ್ವಲ್ಪ ಒಳಕ್ಕೆ ಹೋಗುತ್ತದೆ ಅಂದರೆ ಅದು ಪ್ರೊಜೆಕ್ಷನ್ ಟಿವಿಯೇ. ಒಳಗಿನಿಂದ ಚಿತ್ರವನ್ನು ಒಂದು ದೊಡ್ಡ ಕನ್ನಡಿಯ ಮೇಲೆ ಎಸೆಯುತ್ತದೆ. ಕನ್ನಡಿ ಅದನ್ನು ಪರದೆಯ ಬೆನ್ನಿಗೆ ಎಸೆಯುತ್ತದೆ. ನಾವು ಮುಂದಿನಿಂದ ನೋಡುತ್ತೇವೆ.

ಇವುಗಳಲ್ಲೂ ಬೇರೆ ಬೇರೆ ಜಾತಿ ಇದೆ. ಹಳೆಯವುಗಳಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಸಣ್ಣ ಪಿಕ್ಚರ್ ಟ್ಯೂಬ್‌ಗಳಿರುತ್ತವೆ. ಆಮೇಲೆ ಬಂದವುಗಳಲ್ಲಿ ಒಂದು ಪ್ರಖರವಾದ ಬಲ್ಬು, ಅದರ ಮುಂದೆ ಎಲ್‌ಸಿಡಿ ಹಾಳೆಗಳೋ ಡಿಎಲ್‌ಪಿ ಚಿಪ್ಪೋ ಇರುತ್ತದೆ. ಕೊನೆಯವರೆಗೂ ಇಂಥ ಟಿವಿ ಮಾಡುತ್ತಿದ್ದ ಮಿತ್ಸುಬಿಷಿ ಕಂಪನಿಯೂ 2012ರ ಕೊನೆಯಲ್ಲಿ ತಯಾರಿಕೆ ನಿಲ್ಲಿಸಿತು. ಹೊಸ ಪರದೆ ಅಂಗಡಿಯಲ್ಲಿ ಸಿಗುವ ಕಾಲ ಮುಗಿದಿದೆ. ಇರುವುದನ್ನೇ ಉಳಿಸಿಕೊಳ್ಳಬೇಕು.

ಪರದೆ ಗಾಜಿನದಲ್ವಾ? ಕಿಟಕಿ ಗಾಜು ಒರೆಸುವ ಹಾಗೆ ಒರೆಸಿದರೆ ಏನಾಗುತ್ತದೆ?

ಅಲ್ಲ, ಗಾಜಿನದಲ್ಲ. ಎಲ್ಲ ತೊಂದರೆ ಶುರುವಾಗುವುದೇ ಈ ತಪ್ಪು ತಿಳುವಳಿಕೆಯಿಂದ. ಅದು ಅಕ್ರಿಲಿಕ್ ಥರದ ಪ್ಲಾಸ್ಟಿಕ್. ಅದೂ ಒಂದು ಹಾಳೆಯಲ್ಲ, ಕಡಿಮೆ ಅಂದರೂ ಎರಡು.

ಒಳಗಡೆಯದು ಫ್ರೆನೆಲ್ ಹಾಳೆ. ಅದರ ಮೇಲೆ ಗ್ರಾಮಫೋನ್ ತಟ್ಟೆಯಲ್ಲಿರುವ ಹಾಗೆ ಸುತ್ತು ಸುತ್ತಾಗಿ ಸಣ್ಣ ಗೆರೆಗಳಿರುತ್ತವೆ. ಎಲ್ಲ ಕಡೆ ಚದುರುವ ಬೆಳಕನ್ನು ನಮ್ಮ ಕಡೆಗೆ ನೇರ ಮಾಡುವುದು ಅದರ ಕೆಲಸ. ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ 1820ರ ದಶಕದಲ್ಲಿ ದೀಪಸ್ತಂಭಗಳಿಗಾಗಿ ಮಾಡಿದ ಮಸೂರವೇ ಇದರ ಮೂಲ. ಸಮುದ್ರದ ಹಡಗುಗಳಿಗೆ ದಾರಿ ತೋರಿಸಿದ ಉಪಾಯ ನಮ್ಮ ಹಾಲ್‌ನ ಟಿವಿಯಲ್ಲಿ ಕೂತಿದೆ ಅಂತ ಗೊತ್ತಾದ ದಿನ ನನಗೆ ಆ ಟಿವಿ ಮೇಲಿನ ಪ್ರೀತಿ ಇನ್ನೂ ಜಾಸ್ತಿಯಾಯಿತು.

ಹೊರಗಿನ ಹಾಳೆಯಲ್ಲಿ ಮೇಲಿನಿಂದ ಕೆಳಕ್ಕೆ ಕೂದಲೆಳೆಯಂಥ ಏಣುಗಳಿರುತ್ತವೆ. ಅದಕ್ಕೆ ಲೆಂಟಿಕ್ಯುಲರ್ ಹಾಳೆ ಅನ್ನುತ್ತಾರೆ. ಪಕ್ಕದಲ್ಲಿ ಕೂತವರಿಗೂ ಚಿತ್ರ ಕಾಣುವ ಹಾಗೆ ಬೆಳಕನ್ನು ಎಡಕ್ಕೂ ಬಲಕ್ಕೂ ಹರಡುವುದು ಈ ಏಣುಗಳೇ. ಕೆಲವು ಟಿವಿಗಳಲ್ಲಿ ಇದರ ಮುಂದೆ ನುಣುಪಾದ ಮೂರನೆಯ ಹಾಳೆಯೊಂದು ರಕ್ಷಣೆಗೆ ಇರುತ್ತದೆ. ಬೆರಳಿನ ತುದಿಗೆ ಏಣು ತಾಗಿದರೆ ನಿಮ್ಮದರಲ್ಲಿ ರಕ್ಷಣೆಯ ಹಾಳೆ ಇಲ್ಲ. ನುಣ್ಣಗಿದ್ದರೆ ಸಾಮಾನ್ಯವಾಗಿ ಇದೆ ಅಂತ ತಿಳಿಯಬಹುದು.

ಚುಕ್ಕೆ ಹೊರಗಿದೆಯೋ ಒಳಗಿದೆಯೋ ನೋಡುವುದು ಹೇಗೆ?

ಟಿವಿ ಆರಿಸಿ. ಕೋಣೆ ಕತ್ತಲು ಮಾಡಿ. ಟಾರ್ಚನ್ನು ಪರದೆಯ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಹೊರಗೆ ಅಂಟಿದ ಚುಕ್ಕೆಗೆ ಸಣ್ಣ ನೆರಳು ಬೀಳುತ್ತದೆ. ಬೆರಳಿನ ಮೆತ್ತನೆಯ ಭಾಗದಿಂದ ಸವರಿದರೆ ಗಂಟಿನ ಹಾಗೆ ತಾಗುತ್ತದೆ. ಉಗುರು ಮಾತ್ರ ಬೇಡ.

ಇಷ್ಟಕ್ಕೆ ಗೊತ್ತಾಗದಿದ್ದರೆ ಒಂದು ಚೂರು ಕಾಗದದ ಅಂಚನ್ನು ಚುಕ್ಕೆಯ ಪಕ್ಕಕ್ಕೆ ಸರಿಯಾಗಿ ಹಿಡಿದುಕೊಳ್ಳಿ. ಈಗ ತಲೆಯನ್ನು ಎಡಕ್ಕೆ, ಬಲಕ್ಕೆ ಆಡಿಸಿ ನೋಡಿ. ಕಾಗದದ ಅಂಚು ಮತ್ತು ಚುಕ್ಕೆ ಜೊತೆಯಲ್ಲೇ ಇದ್ದರೆ ಚುಕ್ಕೆ ಹೊರಗಿದೆ. ಚುಕ್ಕೆ ಕಾಗದದ ಹಿಂದಕ್ಕೆ ಸರಿದು ಮತ್ತೆ ಹೊರಗೆ ಬಂದ ಹಾಗೆ ಕಂಡರೆ ಅದು ಒಳಪದರದಲ್ಲಿದೆ. ಒಳಗಿನ ಚುಕ್ಕೆಯನ್ನು ಹೊರಗಿನಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನಮ್ಮ ಭಾವ ಒಂದು ಭಾನುವಾರ ಅರ್ಧ ಗಂಟೆ ಹಾಗೆ ಉಜ್ಜಿದರು. ಒಳಗಿದ್ದ ಹುಳ ಅಲ್ಲೇ ಇತ್ತು. ಹೊರಗೆ ಮಾತ್ರ ರೂಪಾಯಿ ಅಗಲದ ಜಾಗ ಸವೆದು ಹೊಳಪು ಬಂತು. ಆ ಹೊಳಪು ಇವತ್ತಿಗೂ ಇದೆ.

ಟಿವಿ ಹಾಕಿದಾಗ ಮಾತ್ರ ಕಾಣುವ ಚುಕ್ಕೆ ಎಲ್ಲಿರುತ್ತದೆ?

ತೊಗಲುಗೊಂಬೆ ಆಟ ನೋಡಿದ್ದೀರಲ್ವಾ? ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಅದರ ಅಂಚು ಚೂಪಾಗಿ ಕಾಣುತ್ತದೆ. ಹಿಂದಕ್ಕೆ ಎಳೆದರೆ ಮಸುಕಾಗುತ್ತದೆ. ಇಲ್ಲೂ ಅದೇ ಲೆಕ್ಕ, ಏಕೆಂದರೆ ಎರಡರಲ್ಲೂ ಬೆಳಕು ಪರದೆಯ ಹಿಂದಿನಿಂದಲೇ ಬರುತ್ತದೆ.

ಚಿತ್ರ ಪೂರ್ತಿ ಬಿಳಿ ಅಥವಾ ನೀಲಿ ಇರುವಾಗ ನೋಡಿ. ಸಿಗ್ನಲ್ ಇಲ್ಲದಾಗ ಬರುವ ನೀಲಿ ಪರದೆ ಸಾಕು. ಚೂಪಾದ ಕಪ್ಪು ಚುಕ್ಕೆ ಇದ್ದರೆ ಅದು ಪರದೆಯ ಹಾಳೆಗಳಲ್ಲೇ ಎಲ್ಲೋ ಇದೆ. ಅಗಲವಾಗಿ, ಅಂಚಿಲ್ಲದೆ ಮಬ್ಬು ಕಂಡರೆ ಕನ್ನಡಿ ಮೇಲೋ ಮಸೂರದ ಮೇಲೋ ಏನೋ ಕೂತಿದೆ. ಕನ್ನಡಿ ಮೇಲಿನ ಸಾಮಾನ್ಯ ದೂಳು ಚುಕ್ಕೆಯಾಗಿ ಕಾಣುವುದಿಲ್ಲ. ಚಿತ್ರವೆಲ್ಲ ಹಾಲು ಬೆರೆಸಿದ ಹಾಗೆ ಪೇಲವವಾಗುತ್ತದೆ, ಅಷ್ಟೆ. ಎಲ್‌ಸಿಡಿ ಪ್ರೊಜೆಕ್ಷನ್‌ನಲ್ಲಿ ಹಸಿರು ಅಥವಾ ಗುಲಾಬಿ ಬಣ್ಣದ ಮಸುಕು ಮಚ್ಚೆ ಬಂದರೆ ಒಳಗಿನ ಎಲ್‌ಸಿಡಿ ಹಾಳೆಯ ಹತ್ತಿರ ದೂಳು ಸೇರಿದೆ ಅಂತ ಅರ್ಥ. ಡಿಎಲ್‌ಪಿಯಲ್ಲಿ ಸೂಜಿ ಮೊನೆಯಂಥ ಬಿಳಿ ಚುಕ್ಕೆ ಬಂದರೆ ಅದರ ಕಥೆಯೇ ಬೇರೆ, ಕೆಳಗೆ ಹೇಳುತ್ತೇನೆ.

ಒರೆಸಲು ಏನೇನು ಬೇಕು?

ಮೂರು ಹೊಸ ಮೈಕ್ರೋಫೈಬರ್ ಬಟ್ಟೆ. ಕನ್ನಡಕದ ಅಂಗಡಿಯಲ್ಲಿ ಸಿಗುವಂಥದ್ದು ಒಳ್ಳೆಯದು. ಹಳೆ ಬನಿಯನ್, ಟವೆಲ್, ಟಿಶ್ಯೂ ಕಾಗದ ಯಾವುದೂ ಬೇಡ. ಕ್ಯಾಮೆರಾ ಅಂಗಡಿಯಲ್ಲಿ ಸಿಗುವ, ಒತ್ತಿದರೆ ಗಾಳಿ ಬಿಡುವ ರಬ್ಬರ್ ಬುಗ್ಗೆ. ಒಂದು ಮೆತ್ತನೆಯ ಅಗಲ ಬ್ರಷ್, ಬಣ್ಣ ಮುಟ್ಟಿರದ ಹೊಸದು. ಪಾತ್ರೆ ತೊಳೆಯುವ ದ್ರವ ಸೋಪು. ಕಿವಿಗೆ ಹಾಕುವ ಹತ್ತಿಕಡ್ಡಿ. ಮತ್ತೆ ಒಳ್ಳೆಯ ನೀರು.

ನೀರಿನ ಬಗ್ಗೆ ಎರಡು ಮಾತು ಜಾಸ್ತಿ ಹೇಳುತ್ತೇನೆ. ಬೋರ್ ನೀರು ಗಡುಸು. ಅದರಲ್ಲಿರುವ ಸುಣ್ಣದ ಅಂಶ ನೀರು ಆರಿದ ಮೇಲೆ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ಒಂದು ಚುಕ್ಕೆ ತೆಗೆಯಲು ಹೋಗಿ ಇಪ್ಪತ್ತು ಚುಕ್ಕೆ ಹಾಕಿಕೊಂಡ ಹಾಗೆ. ಅಕ್ಕನ ಮನೆಯ ಕೊಡ, ಹಂಡೆಯ ಒಳಗೆಲ್ಲ ಬಿಳಿ ಪೊರೆ ಕಟ್ಟಿರುತ್ತದೆ, ಪರದೆ ಮೇಲೆ ಕೂರುವುದೂ ಅದೇ. ಅದಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ. ಅಂಗಡಿಯಲ್ಲಿ ಬಾಟಲಿ ಮೇಲೆ ಬರೆದದ್ದನ್ನು ಓದಿಯೇ ತನ್ನಿ, ಏಕೆಂದರೆ ಅದೇ ಕಪಾಟಿನಲ್ಲಿ ಬ್ಯಾಟರಿ ಆ್ಯಸಿಡ್ ಕೂಡ ಇರಬಹುದು. ಡಿಸ್ಟಿಲ್ಡ್ ನೀರು ಸಿಗದಿದ್ದರೆ ಮನೆಯ ಆರ್‌ಒ ಫಿಲ್ಟರ್ ನೀರು ನಡೆಯುತ್ತದೆ.

ಸರಿ, ಒರೆಸುವುದು ಹೇಗೆ?

ಟಿವಿ ಆರಿಸಿ. ಬಲ್ಬಿನ ಟಿವಿಯಾದರೆ ಒಳಗಿನ ಫ್ಯಾನ್ ತಾನಾಗಿ ನಿಲ್ಲುವ ತನಕ ಕಾಯಿರಿ, ಆಮೇಲೆ ಪ್ಲಗ್ ಕೀಳಿ. ಒಂದು ಗಂಟೆ ತಣ್ಣಗಾಗಲಿ. ಬಿಸಿ ಪರದೆ ಮೇಲೆ ನೀರು ಬೇಗ ಆರಿ ಗುರುತು ಬಿಡುತ್ತದೆ.

ಮೊದಲು ಗಾಳಿ, ಆಮೇಲೆ ಬ್ರಷ್, ಕೊನೆಗೆ ನೀರು. ಈ ಸಾಲು ತಪ್ಪಿಸಬೇಡಿ. ದೂಳಿನಲ್ಲಿ ಮರಳಿನ ಕಣಗಳಿರುತ್ತವೆ. ದೂಳು ಹಾರಿಸದೆ ಒದ್ದೆ ಬಟ್ಟೆ ಹಾಕಿದರೆ ಆ ಕಣಗಳೇ ಉಪ್ಪುಕಾಗದದ ಕೆಲಸ ಮಾಡುತ್ತವೆ.

ಅರ್ಧ ಲೀಟರ್ ನೀರಿಗೆ ಎರಡು ಹನಿ ಸೋಪು ಸಾಕು. ಬಟ್ಟೆಯನ್ನು ಅದರಲ್ಲಿ ಅದ್ದಿ, ಇನ್ನು ಒಂದು ಹನಿಯೂ ಬೀಳುವುದಿಲ್ಲ ಅನ್ನುವಷ್ಟು ಹಿಂಡಿ. ಪರದೆಯ ಕೆಳ ಅಂಚಿಗೆ ಒಣ ಬಟ್ಟೆ ಒತ್ತರಿಸಿ ಇಡಿ. ನೀರು ಜಾರಿ ಆ ಅಂಚಿಗೆ ಇಳಿದರೆ ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಎರಡು ಹಾಳೆಗಳ ಸಂದು ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಳಗೆ ಆರಿದ ನೀರಿನ ಕಲೆ ತೆಗೆಯಬೇಕಾದರೆ ಇಡೀ ಪರದೆ ಬಿಚ್ಚಬೇಕು. ಇದೇ ಕಾರಣಕ್ಕೆ ಪರದೆ ಮೇಲೆ ನೇರವಾಗಿ ಯಾವತ್ತೂ ಏನನ್ನೂ ಸಿಂಪಡಿಸಬೇಡಿ.

ಈಗ ತೇವದ ಬಟ್ಟೆಯನ್ನು ಚುಕ್ಕೆಯ ಮೇಲೆ ಸುಮ್ನೆ ಇಟ್ಟು ಹಿಡಿದುಕೊಳ್ಳಿ. ಒತ್ತಬೇಡಿ, ಉಜ್ಜಬೇಡಿ. ಎರಡು ಮೂರು ನಿಮಿಷ. ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಇಡುತ್ತೇವಲ್ಲ, ಅಷ್ಟೇ ಭಾರ. ಚುಕ್ಕೆ ನೀರು ಕುಡಿದು ಮೆತ್ತಗಾಗುತ್ತದೆ. ಆಮೇಲೆ ಮೇಲಿನಿಂದ ಕೆಳಕ್ಕೆ ಒಂದು ಸಲ ಎಳೆಯಿರಿ. ಬಟ್ಟೆಯ ಮಗ್ಗುಲು ಬದಲಿಸಿ ಮತ್ತೆ ಇಡಿ. ನಾಲ್ಕೈದು ಸಲ ಮಾಡಬೇಕಾಗಬಹುದು. ಹಠಮಾರಿ ಚುಕ್ಕೆಗೆ ಬಲ ಬೇಕಿಲ್ಲ, ಹೊತ್ತು ಬೇಕು.

ಸುತ್ತು ಸುತ್ತಾಗಿ ಒರೆಸುವ ಅಭ್ಯಾಸ ಇಲ್ಲಿ ಕೂಡದು. ಏಣುಗಳು ಮೇಲಿನಿಂದ ಕೆಳಕ್ಕಿವೆ. ಅಡ್ಡ ಒರೆಸಿದರೆ ಕೊಳೆ ಏಣುಗಳ ನಡುವಿನ ಸಂದಿಗೆ ಇಳಿಯುತ್ತದೆ. ಚುಕ್ಕೆ ಹೋದ ಮೇಲೆ ಬರೀ ನೀರಿನಲ್ಲಿ ಹಿಂಡಿದ ಎರಡನೆಯ ಬಟ್ಟೆಯಿಂದ ಸೋಪಿನ ಅಂಶ ತೆಗೆಯಿರಿ, ಮೂರನೆಯದರಿಂದ ಮೆಲ್ಲಗೆ ಒಣಗಿಸಿ. ಒಣ ಬಟ್ಟೆಯಿಂದ ತುಂಬ ಹೊತ್ತು ತಿಕ್ಕಿದರೆ ಪ್ಲಾಸ್ಟಿಕ್ಕಿಗೆ ವಿದ್ಯುತ್ ಹತ್ತಿ ಅದು ಮತ್ತೆ ದೂಳು ಎಳೆಯಲು ಶುರು ಮಾಡುತ್ತದೆ.

ನೊಣ, ಹಲ್ಲಿ ಹಿಕ್ಕೆ ಕಲ್ಲಿನ ಹಾಗೆ ಕೂತಿದೆ. ಹೋಗುತ್ತದಾ?

ಹೋಗುತ್ತದೆ. ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ, ಅದರಲ್ಲೂ ಮಾವಿನ ಕಾಲದಲ್ಲಿ. ನೊಣದ ಚುಕ್ಕೆ ನೋಡಲು ಸಾಸಿವೆಗಿಂತ ಸಣ್ಣದು. ಆರಿದರೆ ಗೋಂದಿನ ಹಾಗೆ ಹಿಡಿಯುತ್ತದೆ, ಆದರೆ ನೀರಿಗೆ ಸೋಲುತ್ತದೆ. ಮೇಲೆ ಹೇಳಿದ ಹಾಗೆ ನೆನೆಸಿದರೆ ಮೂರನೆಯ ಸಲಕ್ಕೆ ಬಂದುಬಿಡುತ್ತದೆ. ಹಲ್ಲಿ ಹಿಕ್ಕೆಯ ಬಿಳಿ ಭಾಗ ಪುಡಿಪುಡಿಯಾಗಿ ಗರಗರ ಅನ್ನುತ್ತದೆ. ಅದನ್ನು ಒಣಗಿದ್ದಾಗ ಕೆರೆಯಲೇಬೇಡಿ. ಹತ್ತಿಕಡ್ಡಿಗೆ ಸೋಪುನೀರು ತಾಗಿಸಿ ಚುಕ್ಕೆಯನ್ನು ಮಾತ್ರ ತೇವ ಮಾಡುತ್ತಾ ಹೋಗಿ.

ದಸರಾಕ್ಕೆ ಮನೆಗೆ ಬಣ್ಣ ಹೊಡೆಸಿದೆವು. ಪರದೆಗೆ ಹನಿ ಬಿದ್ದಿದೆ. ಏನು ಮಾಡಲಿ?

ಯಾವ ಬಣ್ಣ ಅಂತ ಮೊದಲು ಕೇಳಿಕೊಳ್ಳಿ.

ಸುಣ್ಣವಾದರೆ ಹುಷಾರು. ಸುಣ್ಣ ಆರುತ್ತಾ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ನಿಜವಾಗಿಯೂ ಸುಣ್ಣಕಲ್ಲೇ ಆಗುತ್ತದೆ. ಆ ಕಲ್ಲಿನ ಪುಡಿ ಅಕ್ರಿಲಿಕ್ಕನ್ನು ಗೀರುತ್ತದೆ. ನೀರಿನಲ್ಲಿ ನೆನೆಸಿ ಬರುವಷ್ಟು ಬರಲಿ. ಉಳಿದ ಕಣಕ್ಕೆ ಒಂದು ಪಾಲು ಬಿಳಿ ವಿನೆಗರ್, ನಾಲ್ಕು ಪಾಲು ನೀರು ಬೆರೆಸಿ ಹತ್ತಿಕಡ್ಡಿಯಿಂದ ಚುಕ್ಕೆಗಷ್ಟೇ ತಾಗಿಸಿ. ಮೊದಲು ಪರದೆಯ ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ, ಆರಿದ ಮೇಲೆ ಹೊಳಪು ಬದಲಾಗಿಲ್ಲ ಅಂತ ನೋಡಿಕೊಂಡೇ ಮುಂದುವರಿಯಿರಿ. ಬೋರ್ ನೀರಿನ ಬಿಳಿ ಚುಕ್ಕೆಗೂ ಇದೇ ಮದ್ದು. ಕೊನೆಗೆ ಬರೀ ನೀರಿನಿಂದ ಒರೆಸುವುದನ್ನು ಮರೆಯಬೇಡಿ.

ಎಮಲ್ಷನ್ ಬಣ್ಣ ನೀರಿನಲ್ಲಿ ಕಲಸಿದ್ದು. ಅವತ್ತೇ ಕಂಡರೆ ಒದ್ದೆ ಬಟ್ಟೆಗೆ ಬರುತ್ತದೆ. ಆರಿಹೋಗಿದ್ದರೆ ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಹತ್ತು ನಿಮಿಷ, ಮತ್ತೆ ಹತ್ತು ನಿಮಿಷ ಅಂತ ನೆನೆಸುತ್ತಾ ಇರಿ. ಅಂಚು ಮೇಲೆದ್ದು ಚಕ್ಕೆಯಾಗಿ ಬರುತ್ತದೆ.

ಬಾಗಿಲಿಗೆ ಹೊಡೆಯುವ ಎಣ್ಣೆ ಬಣ್ಣವಾದರೆ ಬಿಟ್ಟುಬಿಡಿ. ಅದನ್ನು ಕರಗಿಸುವ ಥಿನ್ನರ್ ಪರದೆಯನ್ನೂ ಕೆಡಿಸುತ್ತದೆ.

ಒಗ್ಗರಣೆ ಜಿಡ್ಡು, ಊದುಬತ್ತಿ ಹೊಗೆ?

ಮೈಸೂರಿನ ಮನೆಯಲ್ಲಿ ಊದುಬತ್ತಿ ಹಚ್ಚಬೇಡಿ ಅಂತ ನಾನು ಹೇಳಲಾರೆ. ಆದರೆ ಟಿವಿ ಪಕ್ಕದ ಗೋಡೆಯಲ್ಲೇ ದೇವರ ಪಟ ಇದ್ದರೆ ವರ್ಷಕ್ಕೊಂದು ಪದರ ಹೊಗೆ ಪರದೆ ಮೇಲೆ ಕೂರುತ್ತದೆ. ಅಡುಗೆಮನೆಯ ಎಣ್ಣೆ ಹಬೆ ಅದಕ್ಕೆ ಅಂಟಿನ ಹಾಗೆ ಸೇರುತ್ತದೆ. ಇಂಥ ಕಡೆ ಚುಕ್ಕೆ ಮಾತ್ರ ಒರೆಸಿದರೆ ಅಲ್ಲೊಂದು ಬೆಳ್ಳಗಿನ ಕಿಂಡಿ ಬಿದ್ದ ಹಾಗೆ ಕಾಣುತ್ತದೆ. ಪೂರ್ತಿ ಪರದೆಯನ್ನು ಒಂದು ತುದಿಯಿಂದ ಸಾಲು ಸಾಲಾಗಿ ಒರೆಸಬೇಕು. ಬಟ್ಟೆ ಹಳದಿಯಾದಾಗಲೆಲ್ಲ ಜಾಲಿಸಿ. ಕರ್ಪೂರದ ಮಸಿಯನ್ನು ಮಾತ್ರ ಮೊದಲು ಗಾಳಿಯಿಂದಲೇ ಹಾರಿಸಿ. ಮುಟ್ಟಿದರೆ ಮೆತ್ತಿಕೊಳ್ಳುತ್ತದೆ.

ಮಂಡ್ಯ ಕಡೆ ಕಪ್ಪು ಬೂದಿ ಹಾರಿ ಬಂದು ಕೂರುತ್ತದಲ್ಲ?

ಕಬ್ಬಿನ ತರಗು ಸುಟ್ಟಾಗ, ಆಲೆಮನೆ ಒಲೆ ಉರಿಯುವಾಗ ಗರಿ ಥರದ ಕಪ್ಪು ಬೂದಿ ಗಾಳಿಯಲ್ಲಿ ತೇಲಿ ಬರುತ್ತದೆ. 1933ರಿಂದ ಮೈಷುಗರ್ ಕಾರ್ಖಾನೆ ಇರುವ ಊರಿನ ಸೀಮೆ, ಕಬ್ಬಿಲ್ಲದ ಮಾತೇ ಇಲ್ಲ. ಈ ಬೂದಿ ತುಂಬ ಹಗುರ. ಬೆರಳು ತಾಗಿದರೆ ಸಾಕು, ಕಾಡಿಗೆಯ ಹಾಗೆ ಹರಡುತ್ತದೆ. ರಬ್ಬರ್ ಬುಗ್ಗೆಯಿಂದ ಊದಿ ತೆಗೆಯಿರಿ. ಬಾಯಿಂದ ಊದಬೇಡಿ, ಎಂಜಲ ಹನಿ ಸೇರಿದರೆ ಅದೇ ಹೊಸ ಚುಕ್ಕೆ. ಆ ದಿನಗಳಲ್ಲಿ ಅಕ್ಕ ಟಿವಿ ಮೇಲೆ ಹಳೆ ಹತ್ತಿ ಸೀರೆ ಹೊದಿಸುತ್ತಾಳೆ. ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಮಕ್ಕಳು ಅಂಟಿಸಿದ ಸ್ಟಿಕ್ಕರ್, ಪೆನ್ನಿನ ಗೀಟು?

ಸ್ಟಿಕ್ಕರ್ ಕಾಗದವನ್ನು ನೆನೆಸಿ ತೆಗೆಯಿರಿ. ಉಳಿದ ಅಂಟಿಗೆ ಹತ್ತಿಕಡ್ಡಿಯಲ್ಲಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ತಾಗಿಸಿ ಐದು ನಿಮಿಷ ಬಿಡಿ, ಅಂಟು ಉಂಡೆಯಾಗಿ ಬರುತ್ತದೆ. ಆಮೇಲೆ ಸೋಪುನೀರಿನಿಂದ ಎಣ್ಣೆ ತೆಗೆಯಬೇಕು. ಹೇರ್ ಡ್ರೈಯರ್ ಬಿಸಿ ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬಾಲ್ ಪೆನ್ ಗೀಟು ಸೋಪಿಗೆ ಮಾಸುತ್ತದೆ. ಪರ್ಮನೆಂಟ್ ಮಾರ್ಕರ್ ಹೋಗುವುದಿಲ್ಲ.

ಟೂತ್‌ಪೇಸ್ಟ್, ವಿಭೂತಿ, ಸ್ಪಿರಿಟ್, ನೇಲ್ ಪಾಲಿಷ್ ರಿಮೂವರ್ ಅಂತೆಲ್ಲ ಹೇಳುತ್ತಾರಲ್ಲ?

ಯಾವುದೂ ಬೇಡ. ಟೂತ್‌ಪೇಸ್ಟ್ ಮತ್ತು ವಿಭೂತಿಯಲ್ಲಿರುವುದು ನುಣ್ಣನೆಯ ಪುಡಿ, ಅದು ಉಜ್ಜಿ ಸವೆಸುತ್ತದೆ. ಬಿಳಿ ಸ್ಪಂಜಿನ ಮ್ಯಾಜಿಕ್ ಇರೇಸರ್ ಕೂಡ ಅದೇ ಜಾತಿ. ರಿಮೂವರ್‌ನಲ್ಲಿರುವ ಅಸಿಟೋನ್ ಅಕ್ರಿಲಿಕ್ಕನ್ನು ಕರಗಿಸುತ್ತದೆ. ಸ್ಪಿರಿಟ್ ಹಾಕಿದರೆ ಜೇಡರ ಬಲೆಯಂಥ ಸಣ್ಣ ಬಿರುಕು ಬರಬಹುದು. ಪೆಟ್ರೋಲ್, ಸೀಮೆಎಣ್ಣೆ ಹೆಸರೂ ಎತ್ತಬೇಡಿ.

ಗಾಜು ಒರೆಸುವ ನೀಲಿ ದ್ರವದ ಬಗ್ಗೆ ನನ್ನದೇ ನೋವಿದೆ. ಒಂದು ದಸರಾ ಮುಂಚೆ ನಮ್ಮ ಪರದೆಗೆ ಬಣ್ಣದ ಹನಿ ಬಿದ್ದಿತ್ತು. ರಿಪೇರಿಯವರೊಬ್ಬರನ್ನು ಕರೆಸಿದೆ. ಅವರು ನಾನು ನೋಡುತ್ತಿರುವಾಗಲೇ ಆ ದ್ರವವನ್ನು ಪರದೆಗೆ ನೇರವಾಗಿ ಸಿಂಪಡಿಸಿ ಜೋರಾಗಿ ತಿಕ್ಕಿದರು. ಬಣ್ಣವೇನೋ ಹೋಯಿತು. ಎಡಗಡೆ ಅಂಗೈ ಅಗಲದ ಮಂಜು ಉಳಿಯಿತು. ಅಪ್ಪ ಏನೂ ಹೇಳಲಿಲ್ಲ, ಎದ್ದು ಹೋಗಿ ಅದರ ಮೇಲೆ ಕೈ ಆಡಿಸಿ ನೋಡಿದರು. ಅದನ್ನು ನಾನು ಇನ್ನೂ ಮರೆತಿಲ್ಲ. ಇಂಥ ದ್ರವಗಳಲ್ಲಿ ಅಮೋನಿಯಾ ಅಥವಾ ಆಲ್ಕೋಹಾಲ್ ಇರುವುದುಂಟು. ಅವು ಪರದೆಯ ಮೇಲಿನ ತೆಳು ಲೇಪವನ್ನು ತಿನ್ನುತ್ತವೆ. ಹೀಗೆ ಬಂದ ಮಂಜನ್ನು ತೆಗೆಯುವ ಔಷಧಿ ಇಲ್ಲ, ಏಕೆಂದರೆ ಅಲ್ಲಿ ಏನೂ ಅಂಟಿಲ್ಲ, ಇದ್ದದ್ದೇ ಹೋಗಿದೆ.

ಎರಡು ಹಾಳೆಗಳ ನಡುವೆ ಹುಳ ಸೇರಿದೆ. ತೆಗೆಯಬಹುದೇ?

ನಾಲೆ ನೀರಿನ ಗದ್ದೆ ಸೀಮೆಯಲ್ಲಿ ಇದು ಮಾಮೂಲು. ಮಳೆಗಾಲದ ಸಂಜೆ ದೀಪಕ್ಕೆ ಬರುವ ಪುಟ್ಟ ಹುಳಗಳಿಗೆ ಈ ಟಿವಿಯೇ ಊರಿನ ದೊಡ್ಡ ದೀಪ. ಅಂಚಿನ ಸಂದಿಯಿಂದ ನುಸುಳಿ ಒಳಗೆ ಸಾಯುತ್ತವೆ.

ಒಂದೆರಡು ಇದ್ದರೆ ಬಿಡಿ ಅಂತಲೇ ನನ್ನ ಸಲಹೆ. ಜೀವಂತ ಹುಳ ಕಂಡರೆ ಅದನ್ನು ಬೆರಳಿನಿಂದ ಒತ್ತಿ ಸಾಯಿಸಬೇಡಿ, ಅಲ್ಲೇ ಅರೆದು ಕಲೆಯಾಗುತ್ತದೆ. ಟಿವಿ ಆರಿಸಿ ಕೋಣೆಯ ಇನ್ನೊಂದು ತುದಿಯಲ್ಲಿ ದೀಪ ಹಚ್ಚಿಡಿ. ಎಷ್ಟೋ ಸಲ ತಾನೇ ಹೊರಗೆ ಬರುತ್ತದೆ.

ತೆಗೆಯಲೇಬೇಕು ಅಂದರೆ ಇಬ್ಬರು ಬೇಕು, ಒಂದು ಪೂರ್ತಿ ಮಧ್ಯಾಹ್ನ ಬೇಕು. ಬಹಳಷ್ಟು ಟಿವಿಗಳಲ್ಲಿ ಕೆಳಗಿನ ಸ್ಪೀಕರ್ ಜಾಲರಿ ತೆಗೆದರೆ ಪರದೆ ಚೌಕಟ್ಟಿನ ಸ್ಕ್ರೂಗಳು ಕಾಣುತ್ತವೆ. ಚೌಕಟ್ಟು ಬಿಚ್ಚಿ, ಒಗೆದ ಹತ್ತಿ ಬೆಡ್‌ಶೀಟ್ ಹಾಸಿದ ಮಂಚದ ಮೇಲೆ ಮಲಗಿಸಿ. ಹಾಳೆಗಳನ್ನು ಬಿಡಿಸುವ ಮುಂಚೆ ಯಾವ ಮುಖ ಹೊರಗೆ, ಯಾವ ಅಂಚು ಮೇಲೆ ಅಂತ ಅಂಚಿನ ಟೇಪಿನ ಮೇಲೆ ಪೆನ್ಸಿಲ್ ಗುರುತು ಹಾಕಿ, ಫೋನಿನಲ್ಲಿ ಫೋಟೋ ತೆಗೆಯಿರಿ. ತಿರುಗುಮುರುಗಾದರೆ ಚಿತ್ರ ಕೆಟ್ಟುಹೋಗುತ್ತದೆ. ಕೈಗೆ ಹತ್ತಿಯ ಗವಸು ಇರಲಿ. ಒಳಮುಖಗಳಿಗೆ ನೀರು ತಾಗಿಸಬೇಡಿ. ಬುಗ್ಗೆಯ ಗಾಳಿ, ಮೆತ್ತನೆ ಬ್ರಷ್, ಅಷ್ಟೇ.

ಪರದೆ ಬಿಚ್ಚಿದ್ದೀರಿ ಅಂತ ಒಳಗೆ ಕೈ ಹಾಕಬೇಡಿ. ಮೂರು ಟ್ಯೂಬಿನ ಟಿವಿಗಳಲ್ಲಿ ಸುಮಾರು 30,000 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಕಾಲ ಉಳಿದಿರಬಹುದು.

ಬಿಚ್ಚಿದ ಹಾಳೆಯನ್ನು ಒಣಗಲು ಬಿಸಿಲಿಗೆ ಇಡಬಹುದಾ?

ಖಂಡಿತ ಬೇಡ. ಫ್ರೆನೆಲ್ ಹಾಳೆ ಅಂದರೆ 43 ಇಂಚಿನ ಭೂತಗನ್ನಡಿ. ಬಿಸಿಲು ಬಿದ್ದರೆ ಅದು ಬೆಳಕನ್ನೆಲ್ಲ ಒಂದು ಬಿಂದುವಿಗೆ ತಂದು ನಿಲ್ಲಿಸುತ್ತದೆ. ಅಲ್ಲಿ ಚಾಪೆ ಇದ್ದರೆ ಚಾಪೆ, ಬಾಗಿಲಿದ್ದರೆ ಬಾಗಿಲು ಹೊತ್ತಿಕೊಳ್ಳುತ್ತದೆ. ಮರ ನಿಮಿಷದೊಳಗೆ ಹೊಗೆಯಾಡುವಷ್ಟು ಬಿಸಿ. ತಾರಸಿಗೆ ಒಯ್ಯಬೇಡಿ, ಕಿಟಕಿ ಪಕ್ಕ ಒರಗಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಗುಜರಿಗೆ ಕೊಡುವಾಗಲೂ ಬಟ್ಟೆ ಸುತ್ತಿಯೇ ಕೊಡಿ.

ಒಳಗಿನ ಕನ್ನಡಿ ಒರೆಸಬಹುದಾ?

ಮನೆಯ ಕನ್ನಡಿಯಲ್ಲಿ ಹೊಳೆಯುವ ಲೇಪ ಗಾಜಿನ ಹಿಂದೆ ಇರುತ್ತದೆ. ಈ ಟಿವಿಯ ಕನ್ನಡಿಯಲ್ಲಿ ಅದು ಮುಂದೆಯೇ ಇದೆ, ಚಿತ್ರ ಎರಡೆರಡಾಗಿ ಕಾಣಬಾರದು ಅಂತ. ಅಂದರೆ ನೀವು ಒರೆಸುವುದು ಗಾಜನ್ನಲ್ಲ, ಆ ತೆಳು ಲೇಪವನ್ನೇ. ಗಾಳಿ ಹಾಯಿಸಿ ಬಿಡಿ. ಅದಕ್ಕಿಂತ ಹೆಚ್ಚು ಬೇಕಾದರೆ ಬಲ್ಲವರನ್ನು ಕರೆಯಿರಿ.

ಡಿಎಲ್‌ಪಿ ಟಿವಿಯಲ್ಲಿ ಬಿಳಿ ಚುಕ್ಕೆಗಳು ದಿನೇ ದಿನೇ ಹೆಚ್ಚುತ್ತಿವೆ. ಯಾವ ದ್ರವ ಹಾಕಲಿ?

ಯಾವುದೂ ಹಾಕಬೇಡಿ, ಅದು ಕೊಳೆಯಲ್ಲ. ಡಿಎಲ್‌ಪಿ ಚಿಪ್ಪಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕನ್ನಡಿಗಳು ಸಾಲಾಗಿ ಕೂತಿರುತ್ತವೆ. 1987ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ ಕಂಡುಹಿಡಿದದ್ದು. 1280 ಅಡ್ಡ, 720 ಉದ್ದ ಇರುವ ಚಿಪ್ಪಿನಲ್ಲಿ 9,21,600 ಕನ್ನಡಿಗಳು. ಒಂದೊಂದೂ ಸೆಕೆಂಡಿಗೆ ಸಾವಿರಾರು ಸಲ ಆಚೀಚೆ ವಾಲುತ್ತದೆ. ಒಂದು ಕನ್ನಡಿ ಬೆಳಕಿನ ಕಡೆಗೆ ವಾಲಿ ಸಿಕ್ಕಿಕೊಂಡರೆ ಆ ಜಾಗ ಸದಾ ಬಿಳಿಯಾಗಿರುತ್ತದೆ. ಕಪ್ಪು ದೃಶ್ಯದಲ್ಲಿ ನಕ್ಷತ್ರದ ಹಾಗೆ ಕಾಣುತ್ತದೆ. ಒಂದಾದ ಮೇಲೆ ಇನ್ನೊಂದು ಬರುತ್ತಾ ಹೋಗುವುದು ಸಾಮಾನ್ಯ. ಚಿಪ್ಪು ಬದಲಿಸುವುದೊಂದೇ ದಾರಿ. ಅಕ್ಕನ ಟಿವಿಯಲ್ಲಿ ಈಗ ಆರು ಚುಕ್ಕೆಗಳಿವೆ.

ಚಾನೆಲ್ ಲೋಗೊ, ಸ್ಕೋರ್ ಪಟ್ಟಿಯ ಗುರುತು ಕೂತುಬಿಟ್ಟಿದೆ?

ಅದು ಟ್ಯೂಬಿನ ಒಳಗೆ ಸುಟ್ಟ ಗುರುತು. ಒರೆಸಿದರೆ ಹೋಗುವುದಿಲ್ಲ. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಇಳಿಸಿದರೆ ಇನ್ನಷ್ಟು ಸುಡುವುದು ನಿಧಾನವಾಗುತ್ತದೆ.

ಮತ್ತೆ ಚುಕ್ಕೆ ಬೀಳದ ಹಾಗೆ ಏನು ಮಾಡಬೇಕು?

ಬಣ್ಣ ಹೊಡೆಸುವಾಗ ಮೊದಲು ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ. ಟೇಪನ್ನು ಪೆಟ್ಟಿಗೆಗೆ ಹಚ್ಚಿ, ಪರದೆಗೆ ಬೇಡ. ಗೊಂಬೆ ಕೂರಿಸುವ ಮೆಟ್ಟಿಲನ್ನು ಟಿವಿ ಪಕ್ಕದಲ್ಲಿ ಕಟ್ಟುವವರಿದ್ದಾರೆ, ಜಾಗ ಇಲ್ಲದಿದ್ದರೆ ಇನ್ನೇನು ಮಾಡುವುದು. ಆದರೆ ಎಣ್ಣೆ ದೀಪವನ್ನಾದರೂ ಮೆಟ್ಟಿಲಿನ ಆಚೆ ತುದಿಗೆ ಇಡಿ. ಸೊಳ್ಳೆಬತ್ತಿಯನ್ನು ಟಿವಿ ಕೆಳಗೆ ಇಡಬೇಡಿ. ವಾರಕ್ಕೊಮ್ಮೆ ಬ್ರಷ್‌ನಿಂದ ದೂಳು ಸವರಿದರೆ ನೀರು ಮುಟ್ಟಿಸುವ ಕೆಲಸ ವರ್ಷಕ್ಕೆ ಎರಡು ಸಲಕ್ಕೆ ಇಳಿಯುತ್ತದೆ. ಬಟ್ಟೆ ಹೊದಿಸುವುದು ಟಿವಿ ತಣ್ಣಗಾದ ಮೇಲೆ.

ಎಲ್ಲ ಮಾಡಿದೆ, ಒಂದು ಚುಕ್ಕೆ ಹೋಗುತ್ತಲೇ ಇಲ್ಲ. ಎಲ್ಲಿಗೆ ನಿಲ್ಲಿಸಲಿ?

ಎರಡು ದಿನ ಬಿಟ್ಟು ಬಿಟ್ಟು ಮೂರು ಸಲ ನೆನೆಸಿ ನೋಡಿ. ಮೂರನೆಯ ಸಲಕ್ಕೂ ಚುಕ್ಕೆಯ ಬಣ್ಣವೋ ಅಂಚೋ ಒಂಚೂರೂ ಬದಲಾಗದಿದ್ದರೆ ಅಲ್ಲಿಗೆ ನಿಲ್ಲಿಸಿ. ಆಮೇಲೆ ಚಿತ್ರ ಹಾಕಿ, ನೀವು ದಿನಾ ಕೂರುವ ಜಾಗದಲ್ಲೇ ಕೂತು ನೋಡಿ. ಹತ್ತು ಅಡಿ ದೂರದಿಂದ ಸಾಸಿವೆ ಕಾಳಿನಷ್ಟು ಚುಕ್ಕೆಯನ್ನು ಹುಡುಕಿದರೆ ಮಾತ್ರ ಕಂಡೀತು. ನಮ್ಮ ಟಿವಿಯ ಬಲ ಮೂಲೆಯಲ್ಲಿ ಒಂದು ಹನಿ ಎಣ್ಣೆ ಬಣ್ಣ ಇನ್ನೂ ಇದೆ. ಅದರ ಪಕ್ಕದ ಜಾಗವೆಲ್ಲ 2001ರಲ್ಲಿ ಹೇಗಿತ್ತೋ ಹಾಗೇ ಇದೆ.